ಶೇಂಗಾ ಎಷ್ಟು ಉಷ್ಣ?

ತಿನ್ನುವ ಪದಾರ್ಥ ಕಂಡಾಗ ಕೆಲವರಿಗೆ ಅದರ ರುಚಿ ನೆನಪಾಗುತ್ತದೆ, ಕೆಲವರಿಗೆ ತಮ್ಮ ಸಕ್ಕರೆ ಕಾಯಿಲೆ ನೆನಪಾಗುತ್ತದೆ. ನನಗೆ, ಅದನ್ನು ಸುಟ್ಟರೆ ಎಷ್ಟು ಶಾಖ ಬಂದೀತು ಎಂಬುದು ನೆನಪಾಗುತ್ತದೆ. ಮದುವೆಯೂಟದ ಪಂಕ್ತಿಯಲ್ಲಿ ಹೋಳಿಗೆಯ ಮೇಲೆ ತುಪ್ಪ ಬೀಳುವುದನ್ನು ನೋಡಿ, ತೂಕಕ್ಕೆ ತೂಕ ಹಿಡಿದರೆ ಇದು ಡೀಸೆಲ್‌ಗಿಂತ ತುಸುವೇ ಕಡಿಮೆ ಎಂದು ಪಕ್ಕದವರಿಗೆ ಹೇಳಿ, ಅವರು ಎಲೆ ಸಮೇತ ಅತ್ತ ಸರಿದದ್ದುಂಟು. ಸಕ್ಕರೆ ಒಣ ಸೌದೆಗೆ ಸಮ. ಶೇಂಗಾ ಒಳ್ಳೆಯ ಕಲ್ಲಿದ್ದಲಿಗೆ ಸಮ. ಹಾಗಾಗಿ ಶೇಂಗಾ ಚಿಕ್ಕಿ ಎಂದರೆ ಸೌದೆ ಕಲ್ಲಿದ್ದಲು ಎರಡನ್ನೂ ತುಂಬಿದ ಒಲೆ. ನಾನು ಹೀಗೆಲ್ಲ ಶುರುಮಾಡಿದರೆ ಹೆಂಡತಿ ಸುಮಾ, "ಮೊದಲು ತಿನ್ನಿ, ಆಮೇಲೆ ಉರಿಸಿ" ಎನ್ನುತ್ತಾಳೆ.

ಈ ಚಟಕ್ಕೆ ಅರ್ಧ ಕಾರಣ ನನ್ನ ನೌಕರಿ. ದೆಹಲಿ ಬಳಿಯ ಮಾನೇಸರ್‌ನ ಒಂದು ಕಾರ್ಖಾನೆಯಲ್ಲಿ ಕಾರಿನ ಬ್ಯಾಟರಿಗಳನ್ನು ಪರೀಕ್ಷಿಸುವವನು ನಾನು. ಇನ್ನರ್ಧ ಕಾರಣ ನನ್ನ ಅಮ್ಮ. ಬಳ್ಳಾರಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತರಾದದ್ದು ಹೈಸ್ಕೂಲಿನಿಂದ ಮಾತ್ರ. ಕಲಿಸುವುದನ್ನು ಅವರು ಬಿಟ್ಟಿರಲಿಲ್ಲ.

ಸುಮಾ ಕೇಂದ್ರ ಸರ್ಕಾರದ ನೌಕರಿಯಲ್ಲಿರುವುದರಿಂದ ನಮ್ಮ ವಾಸ ದೆಹಲಿಯ ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ. ಅಮ್ಮ ಇಲ್ಲಿಗೆ ಬರುತ್ತಿದ್ದದ್ದು ದಸರೆಯ ಹೊತ್ತಿಗೆ. ಕಳೆದ ವರ್ಷ ಮಾತ್ರ ಡಿಸೆಂಬರಿನಲ್ಲಿ ಬಂದರು, ಅದೂ ಮಾರ್ಚ್‌ವರೆಗೆ ಇರುತ್ತೇನೆಂದು ಹೇಳಿ. ಕಾರಣ ನಮ್ಮ ಮಗಳು ಸಾನ್ವಿ. ಅಜ್ಜಿ ಫೋನಿನಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದಳು. "ಒಂದು ಚಳಿಗಾಲ ನನ್ನ ಕೈಗೆ ಕೊಡು, ಮಾತಾಡಿಸ್ತೀನಿ" ಎಂದು ಅಮ್ಮ ಹಟ ತೊಟ್ಟಿದ್ದರು. ನನಗೂ ಅದೇ ಬೇಕಿತ್ತು. ನನ್ನ ಮಗಳು ಮತ್ತು ನನ್ನ ತಾಯಿ ಪರಸ್ಪರ ಮುಗುಳ್ನಕ್ಕು ಸುಮ್ಮನಾಗುವ ಎರಡು ದೇಶಗಳ ರಾಯಭಾರಿಗಳಂತೆ ಇರುವುದು ನೋಡಲು ಕಷ್ಟವಾಗುತ್ತಿತ್ತು.

ಆದರೆ ದೆಹಲಿಯ ಚಳಿ ಅಮ್ಮನ ಪಾಠಯೋಜನೆಯಲ್ಲಿ ಇರಲಿಲ್ಲ. ಬಳ್ಳಾರಿಯ ಬಿಸಿಲಿನಲ್ಲಿ ಹುರಿದ ಮೈ ಅದು. ಬಂದ ವಾರದೊಳಗೆ ಎರಡು ಸ್ವೆಟರ್, ಒಂದು ಶಾಲು, ನನ್ನ ಕಾಲುಚೀಲ, ಸುಮಾಳ ಮಂಕಿ ಕ್ಯಾಪ್ ಎಲ್ಲವನ್ನೂ ಧರಿಸಿ ರಜಾಯಿಯೊಳಗೆ ಸೇರಿದರು. ಸಾನ್ವಿಗೆ ಅಜ್ಜಿಯ ಕನ್ನಡ ಹೋಗಲಿ, ಬಾಯಿಯೇ ಕಾಣಿಸುತ್ತಿರಲಿಲ್ಲ.

ಶಾಖದ ವಿಷಯದಲ್ಲಿ ಪರಿಣತನೆಂದು ಸಂಬಳ ಪಡೆಯುವ ನಾನು ಕೈಕಟ್ಟಿ ಕೂರಲಾದೀತೇ? ಕೆಂಪಗೆ ಕಾಯುವ ಕಡ್ಡಿಯ ಹೀಟರ್ ತಂದೆ. ಅದು ಮುಂದಿನದನ್ನು ಸುಟ್ಟು ಹಿಂದಿನದನ್ನು ತಣ್ಣಗೇ ಬಿಡುತ್ತದೆ. ಅಮ್ಮ ದೋಸೆಯ ಹಾಗೆ ಮಗುಚಿ ಮಗುಚಿ ಕೂತರು. ಬ್ಲೋವರ್ ತಂದೆ; ಅವರ ಗಂಟಲು ಒಣಗಿತು. ಎಣ್ಣೆ ತುಂಬಿದ ಹೀಟರ್ ತಂದೆ. ಅದು ಒಳ್ಳೆಯದೇ, ಆದರೆ ಅದರ ಜೊತೆಗೆ ಗೀಸರ್ ಹಾಕಿದರೆ ನಮ್ಮ ಹಳೆಯ ಕ್ವಾರ್ಟರ್ಸಿನ ಫ್ಯೂಸ್ ಪ್ರಾಣ ಬಿಡುತ್ತಿತ್ತು. ಇದ್ದಿಲು ಉರಿಸುವ ಅಂಗೀಠಿ ಒಲೆಯನ್ನು ಕೋಣೆಯಲ್ಲಿಟ್ಟರೆ ಹೇಗೆ ಎಂದು ಸಹೋದ್ಯೋಗಿಯೊಬ್ಬರು ಕೊಟ್ಟ ಸಲಹೆಯನ್ನು ನಾನು ಅಮ್ಮನಿಗೆ ಮುಟ್ಟಿಸಿದೆ. ಅವರು ರಜಾಯಿಯಿಂದ ತಲೆ ಹೊರಗೆ ಹಾಕಿ, "ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಯಾವ ಅನಿಲ ಬರುತ್ತೆ, ಹೇಳು" ಎಂದು ಕೇಳಿದರು. "ಕಾರ್ಬನ್ ಮಾನಾಕ್ಸೈಡ್, ವಿಷ" ಎಂದೆ. "ಗೊತ್ತಿದ್ದೂ ಕೇಳ್ತೀಯಲ್ಲ" ಎಂದು ತಲೆಯನ್ನು ಮತ್ತೆ ಒಳಗೆ ಎಳೆದುಕೊಂಡರು. ಆ ಸಂಜೆಯೇ, "ನನಗೊಂದು ವಾಪಸ್ ಟಿಕೆಟ್ ಮಾಡಿಸಿಬಿಡು" ಎಂದರು.

ಟಿಕೆಟ್ ವೇಟಿಂಗ್ ಲಿಸ್ಟಿನಲ್ಲಿ ಸಿಕ್ಕಿತು. ಅದು ಖಚಿತವಾಗದಿರಲಿ ಎಂದು ನಾನು ಒಳಗೊಳಗೇ ಹಾರೈಸುತ್ತಿದ್ದೆ.

ಮಂಜು ಸರಿದ ಒಂದು ಭಾನುವಾರ ಸಾನ್ವಿ, "ದಾದಿ, ಪಾರ್ಕ್ ಮೇಂ ಧೂಪ್ ಹೈ, ಚಲೋ" ಎಂದು ಅಜ್ಜಿಯನ್ನು ಬಿಸಿಲಿಗೆ ಎಳೆದುಕೊಂಡು ಹೋದಳು. ನಮ್ಮ ಬ್ಲಾಕಿನ ಹಿಂದಿನ ಪಾರ್ಕಿನಲ್ಲಿ ಚಳಿಗಾಲದ ಮಧ್ಯಾಹ್ನ ಹೆಂಗಸರು ಬಿಸಿಲು ಕಾಯಿಸುತ್ತಾರೆ. ಬಟಾಣಿ ಸುಲಿಯುತ್ತ, ಉಲ್ಲನ್ ಹೆಣೆಯುತ್ತ, ಬಿಸಿಲು ಸರಿದಂತೆ ಕುರ್ಚಿಗಳನ್ನೂ ಸರಿಸುತ್ತ ಕೂರುವ ಸಭೆ ಅದು. ಅದರ ಮುಖ್ಯಸ್ಥೆ ನಮ್ಮ ಕೆಳಗಿನ ಮನೆಯ ಹರ್ಜೀತ್ ಆಂಟಿ. ಅವರಿಗೆ ಕನ್ನಡ ಬಾರದು, ಅಮ್ಮನಿಗೆ ಹಿಂದಿಯಲ್ಲಿ 'ಅಚ್ಛಾ' ಬಿಟ್ಟರೆ ಬೇರೇನೂ ಬಾರದು. ನಾನು ಹಿಂದೆಯೇ ಹೋಗುವಷ್ಟರಲ್ಲಿ ಆಂಟಿ ಅಮ್ಮನ ಮಡಿಲಿಗೆ ಹುರಿದ ಶೇಂಗಾ ಸುರಿದಿದ್ದರು.

"ಖಾಓ ಬೆಹನ್‌ಜೀ, ಮೂಂಗ್‌ಫಲಿ ಗರಮ್ ಹೋತೀ ಹೈ."

"ಏನಂತಾರೆ?" ಎಂದು ಅಮ್ಮ ಮೊಮ್ಮಗಳನ್ನು ಕೇಳಿದರು.

ಸಾನ್ವಿ ಸ್ವಲ್ಪ ಯೋಚಿಸಿ, "ಶೇಂಗಾ... ಬಿಸಿ ಇರುತ್ತೆ ಅಂತೆ" ಎಂದಳು.

"ಉಷ್ಣ ಅಂತಾರೇನು? ಎಷ್ಟು ಉಷ್ಣ ಅಂತ ಕೇಳು."

ಹರ್ಜೀತ್ ಆಂಟಿಗೆ ಈ ಪ್ರಶ್ನೆ ಅರ್ಥವಾಗಲಿಲ್ಲ. ಗರಮ್ ಎಂದರೆ ಗರಮ್. ಅದರಲ್ಲಿ ಎಷ್ಟು ಎನ್ನುವುದೇನು? ಅಮ್ಮ ಆಗಲೇ ಮಂಕಿ ಕ್ಯಾಪ್ ತೆಗೆದಿದ್ದರು. "ನೋಡೋಣ" ಎಂದು ನನ್ನತ್ತ ತಿರುಗಿ ಸೂಜಿ, ಮೇಣದಬತ್ತಿ, ಸಣ್ಣ ಸ್ಟೀಲ್ ಬಟ್ಟಲು, ಇಕ್ಕಳ ತರಲು ಹೇಳಿದರು. ಥರ್ಮಾಮೀಟರ್ ಸಾನ್ವಿಯ ವಿಜ್ಞಾನದ ಕಿಟ್‌ನಲ್ಲಿ ಸಿಕ್ಕಿತು.

ಶೇಂಗಾ ಬೀಜವನ್ನು ಸೂಜಿಗೆ ಚುಚ್ಚಿ, ಹೊತ್ತಿಸಿ, ನೀರು ಹಾಕಿದ ಬಟ್ಟಲಿನ ಕೆಳಗೆ ಹಿಡಿಯುವುದು. ನೀರು ಎಷ್ಟು ಬಿಸಿಯಾಯಿತೆಂದು ನೋಡುವುದು. ಹೈಸ್ಕೂಲಿನ ಸರಳ ಪ್ರಯೋಗ. ಮೊದಲ ಬೀಜ ಗಾಳಿಗೆ ಆರಿತು. ಎರಡನೆಯದೂ ಆರಿತು. ಆಗ ಹರ್ಜೀತ್ ಆಂಟಿ ಎದ್ದು ತಮ್ಮ ಶಾಲನ್ನು ಪರದೆಯಂತೆ ಹಿಡಿದು ನಿಂತರು. ಅವರನ್ನು ನೋಡಿ ಉಳಿದವರೂ ಎದ್ದರು. ಉರಿಗೆ ತಾಗದಷ್ಟು ದೂರದಲ್ಲಿ ಶಾಲುಗಳ ಕೋಟೆಯೇ ಎದ್ದಿತು. ಮೂರನೆಯ ಬೀಜ ಹೊತ್ತಿಕೊಂಡು, ಪುಟ್ಟ ಹಣತೆಯ ಹಾಗೆ, ಯಾರೂ ನಿರೀಕ್ಷಿಸದಷ್ಟು ಹೊತ್ತು ಉರಿಯಿತು. ಇಷ್ಟು ಸಣ್ಣ ಕಾಳಿನೊಳಗೆ ಇಷ್ಟು ಬೆಂಕಿ ಇತ್ತೇ ಎಂದು ಎಲ್ಲರೂ ಬಗ್ಗಿ ನೋಡಿದರು. ನೀರಿನಿಂದ ಸಣ್ಣಗೆ ಹಬೆ ಏಳತೊಡಗಿತು.

"ದೇಖಾ? ಗರಮ್ ಹೈ" ಎಂದರು ಹರ್ಜೀತ್ ಆಂಟಿ, ತಾವೇ ಶೇಂಗಾ ಕಂಡುಹಿಡಿದವರಂತೆ.

ಅಲ್ಲಿಂದ ಸ್ಪರ್ಧೆ ಶುರುವಾಯಿತು. ಒಬ್ಬರು ಎಳ್ಳಿನ ಗಜಕ್ ಮಿಠಾಯಿ ಕೊಟ್ಟರು. ಅದರ ಬೆಲ್ಲ ಕರಗಿ ತೊಟ್ಟಿಕ್ಕಿ ಉರಿ ಆರಿಹೋಯಿತು. ಇನ್ನೊಬ್ಬರು ಹವನಕ್ಕೆಂದು ತರಿಸಿಟ್ಟಿದ್ದ ಬೆರಣಿಯ ಚೂರು ತಂದರು. ಅದು ಹೊಗೆಯಾಡಿದ್ದೇ ಹೆಚ್ಚು. ಹರ್ಜೀತ್ ಆಂಟಿ ಮನೆಗೆ ಹೋಗಿ ತಾವು ಮಾಡಿದ ಪಿನ್ನಿಯನ್ನೇ ತಂದರು. ತುಪ್ಪದಲ್ಲಿ ಮಿಂದ ಆ ಗೋಧಿಯುಂಡೆಯ ಚೂರು ದೀಪಾವಳಿಯಂತೆ ಉರಿಯಿತು. ಇದನ್ನೆಲ್ಲ ಸಾನ್ವಿ ಎರಡೂ ಕಡೆಗೆ ವಿವರಿಸುತ್ತಿದ್ದಳು. 'ಬೆರಣಿ' ಎಂಬ ಕನ್ನಡ ಪದವನ್ನು ಅಜ್ಜಿಯನ್ನು ಕೇಳಿ ಕಲಿತಳು. ಶಾಖವನ್ನು ಹಿಂದಿಯಲ್ಲಿ ಏನೆನ್ನಬೇಕೆಂದು ತಿಳಿಯದೆ 'ಶಾಖಾ' ಎಂದಳು. ಹೆಂಗಸರು ಅದನ್ನೂ ಒಪ್ಪಿಕೊಂಡರು.

ಆಗ ಅಮ್ಮನ ಕಣ್ಣು ನನ್ನ ಮೇಲೆ ಬಿತ್ತು. "ನಿನ್ನ ಬ್ಯಾಟರಿ ಒಂದು ಕೆ.ಜಿ. ತೂಗಿದರೆ ಅದರಲ್ಲಿ ಎಷ್ಟು ಶಕ್ತಿ ಇರುತ್ತೆ?"

ಇಷ್ಟು ಜನರೆದುರು ಸುಳ್ಳು ಹೇಳುವ ಹಾಗಿರಲಿಲ್ಲ. "ಒಂದು ಹಿಡಿ ಶೇಂಗಾದಲ್ಲಿ ಇರುವಷ್ಟು" ಎಂದೆ.

ಸಾನ್ವಿ ಅದನ್ನು ಬಹಳ ಸ್ಪಷ್ಟವಾದ ಹಿಂದಿಯಲ್ಲಿ ಸಾರಿದಳು. ಹರ್ಜೀತ್ ಆಂಟಿ ಕನಿಕರದಿಂದ, "ತೋ ಬೇಟಾ, ಗಾಡೀ ಮೂಂಗ್‌ಫಲಿ ಸೇ ಹೀ ಚಲಾ ಲೋ" ಎಂದರು. ಹಾಗಾದರೆ ಕಾರನ್ನು ಶೇಂಗಾದಿಂದಲೇ ಓಡಿಸು ಎಂಬ ಆ ಸಲಹೆಗೆ ಸಭೆ ನಕ್ಕಿತು. ಶೇಂಗಾ ಒಮ್ಮೆ ಉರಿದರೆ ಮುಗಿಯಿತು, ಬ್ಯಾಟರಿಯನ್ನು ಮತ್ತೆ ಮತ್ತೆ ತುಂಬಬಹುದು, ಅದರ ಶಕ್ತಿ ಪೆಟ್ರೋಲಿನಷ್ಟು ಪೋಲಾಗುವುದಿಲ್ಲ ಎಂದು ನಾನು ವಾದಿಸಿದೆ. "ಹಾಗಾದ್ರೆ ಅದನ್ನೇ ಮೊದಲು ಹೇಳಬೇಕಿತ್ತು" ಎಂದರು ಅಮ್ಮ. ಪರೀಕ್ಷೆಯಲ್ಲಿ ಸರಿ ಉತ್ತರವನ್ನು ಕೊನೆಯ ಪುಟದಲ್ಲಿ ಬರೆದವನಿಗೆ ಕೊಡುವ ಅಂಕ ಅದು.

ಸಾನ್ವಿಗೆ ಬೇರೊಂದು ಚಿಂತೆ. ನಾನು ಹೇಳಿಕೊಟ್ಟ ಲೆಕ್ಕದ ಪ್ರಕಾರ ಶೇಂಗಾದ ಶಾಖದಲ್ಲಿ ನೀರಿಗೆ ಸೇರಿದ್ದು ಕಾಲು ಭಾಗವಷ್ಟೇ. "ಅಜ್ಜಿ, ಉಳಿದಿದ್ದು ಎಲ್ಲಿ ಹೋಯ್ತು?" ಎಂದಳು.

ಅನುವಾದಕ್ಕಲ್ಲದೆ, ತಾನಾಗಿಯೇ ಕೇಳಿದ್ದು ಕನ್ನಡದಲ್ಲಿ. ಅದು ಅವಳಿಗೇ ಗೊತ್ತಾಗಲಿಲ್ಲ. ಅಮ್ಮ ನನ್ನ ಮುಖವನ್ನೊಮ್ಮೆ ನೋಡಿ ಮೊಮ್ಮಗಳತ್ತ ತಿರುಗಿದರು.

"ಆಂಟಿ ಕೈ ಮುಟ್ಟಿ ನೋಡು" ಎಂದರು.

ಸಾನ್ವಿ ಮುಟ್ಟಿದಳು. ಶಾಲು ಹಿಡಿದು ಉರಿಯ ಹತ್ತಿರ ನಿಂತಿದ್ದ ಹರ್ಜೀತ್ ಆಂಟಿಯ ಕೈ ಬೆಚ್ಚಗಿತ್ತು.

ಟಿಕೆಟ್ ಆ ವಾರವೇ ಖಚಿತವಾಯಿತು. ಮೊಬೈಲಿಗೆ ಬಂದ ಸಂದೇಶವನ್ನು ಅಮ್ಮನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, "ಭಾನುವಾರ ಬಾದಾಮಿ, ಅಕ್ರೋಟ್ ಉರಿಸೋದು ಬಾಕಿ ಇದೆ. ಜನ ಬರ್ತಾರೆ. ಹೋಗೋಕೆ ಹೇಗಾಗುತ್ತೆ?" ಎಂದರು. ಚಳಿ ಕಡಿಮೆಯಾಗಿರಲಿಲ್ಲ, ಅವರು ಸ್ವೆಟರನ್ನೂ ಬಿಡಲಿಲ್ಲ. ಆದರೆ ಊಟ ಮುಗಿದದ್ದೇ ಪಾರ್ಕಿಗೆ ಹೊರಡತೊಡಗಿದರು. ಮೊಮ್ಮಗಳು ಶಾಲೆಯಿಂದ ನೇರ ಅಲ್ಲಿಗೇ ಹೋಗುತ್ತಿದ್ದಳು. ಮಾರ್ಚಿನ ಹೊತ್ತಿಗೆ ಅವಳು ಅಜ್ಜಿಯೊಡನೆ ಕನ್ನಡದಲ್ಲಿ ಜಗಳವಾಡುವಷ್ಟು ಮುಂದುವರಿದಿದ್ದಳು.

ಅಮ್ಮ ಊರಿಗೆ ಹೋದ ಮೇಲೆ ಒಂದು ದಿನ ಫೋನ್ ಮಾಡಿದರು. ತಪಾಸಣೆಗೆ ಹೋಗಿದ್ದರಂತೆ, ನಾಲ್ಕು ಕೆ.ಜಿ. ಹೆಚ್ಚಾಗಿದ್ದಾರಂತೆ, ಡಾಕ್ಟರು ಇಳಿಸಬೇಕು ಎಂದಿದ್ದಾರಂತೆ. ಎಲ್ಲ ಪಿನ್ನಿಯ ಮಹಿಮೆ. ನಾನು ತಡೆಯಲಾರದೆ, "ಅಮ್ಮ, ನಾಲ್ಕು ಕೆ.ಜಿ. ಕೊಬ್ಬು ಅಂದರೆ ಹೆಚ್ಚುಕಡಿಮೆ ನಾಲ್ಕು ಲೀಟರ್ ಪೆಟ್ರೋಲಿಗೆ ಸಮ. ಅಷ್ಟರಲ್ಲಿ ನಾನು ಮಾನೇಸರ್‌ಗೆ ಹೋಗಿ ಹತ್ತಿರಹತ್ತಿರ ವಾಪಸ್ ಬರಬಹುದು" ಎಂದೆ.

ಅತ್ತ ಕಡೆ ಅಂಕಿಗಳನ್ನು ಗೊಣಗುವುದು ಕೇಳಿಸಿತು. ಲೆಕ್ಕ ಸರಿಯಿದೆಯೇ ಎಂದು ನೋಡುತ್ತಿದ್ದರೆಂದು ಕಾಣುತ್ತದೆ.

"ಲೆಕ್ಕವೇನೋ ಸರಿ" ಎಂದರು. "ಆದ್ರೆ ಹರ್ಜೀತ್ ಅಷ್ಟು ಪ್ರೀತಿಯಿಂದ ತಿನ್ನಿಸಿದ್ದು. ಇಷ್ಟು ಬೇಗ ಕರಗಿಸೋಕೆ ಮನಸ್ಸು ಬರ್ತಿಲ್ಲ ನೋಡು."