ನಾಲ್ಕು ಬ್ಲೇಡಿನದೋ, ಆರು ಬ್ಲೇಡಿನದೋ

ಅಥವಾ ಅಂದು ಮನೆಯ ಮೇಲೆ ಹಾದದ್ದು ಆರು ಬ್ಲೇಡಿನ ವಿಮಾನವೇ ಇರಬಹುದು. ಹಾಗಿದ್ದರೆ ನಾನು ಅಪ್ಪನಿಗೆ ಸುಳ್ಳು ಹೇಳಲಿಲ್ಲ. ಇಷ್ಟನ್ನು ತೀರ್ಮಾನಿಸಲು ಎಷ್ಟೋ ಸಲ ಕೂತಿದ್ದೇನೆ. ಕೂತಾಗಲೆಲ್ಲ ನೆನಪು ಬೇರೆಯದನ್ನೇ ತಂದಿಡುತ್ತದೆ. ಒಮ್ಮೆ ಅಪ್ಪನ ಕೈಯಲ್ಲಿ ಚಹಾದ ಕಪ್ಪು-ಬಸಿ ಇರುತ್ತದೆ, ಇನ್ನೊಮ್ಮೆ ಬರಿಗೈ. ಬಸಿಯನ್ನು ಆಮೇಲೆ ನೆನಪಿನೊಳಗೆ ನಾನೇ ಇಟ್ಟಿರಬೇಕು.

ಅಪ್ಪನದು ಗಬ್ಬೂರ ಬೈಪಾಸಿನಲ್ಲಿ ಡೀಸೆಲ್ ಗಾಡಿಗಳ ಗ್ಯಾರೇಜು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಕೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚುತ್ತಿದ್ದ. "ಮೂರನೇ ಬೇರಿಂಗ್ ಮಾತಾಡಾಕತ್ತೈತಿ," ಎಂದನೆಂದರೆ, ಬಿಚ್ಚಿದಾಗ ಮೂರನೆಯದೇ ಸವೆದಿರುತ್ತಿತ್ತು. ಎಲ್ಲರೂ ಹಾಗೆ ಹೇಳುತ್ತಾರೆ. ಒಮ್ಮೆಯಾದರೂ ತಪ್ಪಿರಲೇಬೇಕು, ಆ ಒಂದನ್ನು ನಮ್ಮ ಮನೆಯವರು ಯಾರೂ ನೆನಪಿನಲ್ಲಿ ಉಳಿಸಿಕೊಂಡಿಲ್ಲ.

ಪಂಖದ ವಿಮಾನ ನಮ್ಮೂರಿಗೆ ಬರತೊಡಗಿದ್ದು ನಾನು ಕಾಲೇಜಿನಲ್ಲಿದ್ದಾಗ. ರನ್‌ವೇ ಗಿಡ್ಡ, ದೊಡ್ಡ ಜೆಟ್ ಇಳಿಯುವಂತಿರಲಿಲ್ಲ. ಇದಕ್ಕೆ ಒಂದೊಂದು ರೆಕ್ಕೆಗೂ ಒಂದು ಇಂಜಿನ್, ಒಂದೊಂದು ಇಂಜಿನ್ನಿಗೂ ನಾಲ್ಕು ಬ್ಲೇಡಿನ ಪಂಖ. ಗೋಪನಕೊಪ್ಪದ ನಮ್ಮ ಮನೆಯ ಮೇಲೆ ಅದು ತಿರುಗುವಾಗ ಅಪ್ಪ ತುತ್ತು ತಡೆದು ಕೇಳುತ್ತಿದ್ದ. ಎರಡೂ ಪಂಖ ಒಂದೇ ವೇಗದಲ್ಲಿ ತಿರುಗದಿದ್ದರೆ ಸಪ್ಪಳ ಅಲೆಯಂತೆ ಏರಿಳಿಯುತ್ತದೆ.

"ಕೇಳಿಸ್ತೇನವಾ? ಒಂದ್ ಪಂಖಾ ಹಿಂದ ಬಿದ್ದೈತಿ. ಎರಡೂ ಎತ್ತು ಒಂದ ಹೆಜ್ಜಿ ಹಾಕವಲ್ವು."

ಅವ್ವ ಅಡುಗೆಮನೆಯಿಂದಲೇ, "ಇಮಾನಾ ಹಾರಸೋರು ನೋಡ್ಕೋತಾರ. ನೀವು ಸಾರ ಆರೂದ್ರೊಳಗ ಉಣ್ರಿ," ಎನ್ನುತ್ತಿದ್ದಳು.

ಆ ಸೇವೆ ನಿಂತಿತು. ಇನ್ನೊಂದು ಕಂಪನಿ ಶುರು ಮಾಡಿತು, ಅದೂ ನಿಂತಿತು, ಮತ್ತೆ ಯಾರೋ ಬಂದರು. ಅಷ್ಟರಲ್ಲಿ ವಿಮಾನವೂ ಬದಲಾಗಿತ್ತು. ಕಟ್ಟುವವರು ಹಳೆಯ ಮಾದರಿಯನ್ನೇ ತಿದ್ದಿ ಆರು ಬ್ಲೇಡಿನ ಪಂಖ ಹಾಕಿದ್ದರು, ಅದರಿಂದ ಸಪ್ಪಳ ಮೆತ್ತಗಾಗಿತ್ತು. ಪತ್ರಿಕೆಯಲ್ಲಿ ಓದಿ ಅಪ್ಪನಿಗೆ ಹೇಳಿದವಳು ನಾನೇ. ಕೆಲವು ದಿನ ಹಳೆಯದು ಬರುತ್ತಿತ್ತು, ಕೆಲವು ದಿನ ಹೊಸದು.

ಡಾಕ್ಟರಿಗೆ ಕಿವಿ ತೋರಿಸಿಕೊಂಡು ಬರ್ರಿ ಎಂದು ಅವ್ವ ಅಪ್ಪನ ಬೆನ್ನು ಹತ್ತಿದ್ದ ದಿನಗಳು ಅವು. ಒಂದು ಮಧ್ಯಾಹ್ನ ಅಪ್ಪ ಅಂಗಳದಲ್ಲಿ ತಲೆ ಎತ್ತಿ ವಿಮಾನ ನೋಡುತ್ತಿದ್ದ. ಅದು ಬೇವಿನ ಮರದ ಮರೆಗೆ ಹೋದ ಮೇಲೆ ಕೇಳಿದ:

"ಸಪ್ಪಳ ಭಾಳ ಸಣ್ಣದಾತಲ್ಲವಾ ಇದರದು?"

ನನಗೆ ಚೆನ್ನಾಗಿಯೇ ಕೇಳಿಸಿತ್ತು. ಹಾಗೆಂದು ಈಗ ಬರೆಯುತ್ತಿದ್ದೇನೆ. ಅಂದು ಕಿವಿಗೊಟ್ಟಿದ್ದೆನೇ? ನಾನು ನೋಡುತ್ತಿದ್ದದ್ದು ಅಪ್ಪನ ಮುಖವನ್ನು. ಅದರಲ್ಲಿ ಎಂದೂ ಕಾಣದ ಅಂಜಿಕೆ ಇತ್ತು.

"ಇದು ಹೊಸಾದು ಅಪ್ಪಾ. ಆರ್ ಬ್ಲೇಡಿಂದು. ಸಪ್ಪಳನ ಇಲ್ಲ ಇದಕ್ಕ."

"ಖರೇ?"

"ಖರೇ."

ಅಪ್ಪ ನಕ್ಕುಬಿಟ್ಟ. "ನನ್ನ ಕಿವೀನ ಕೆಟ್ಟೂವೇನೋ ಅಂದ್ಕೊಂಡಿದ್ದೆ."

ಅಂದಿನಿಂದ ಅವ್ವ ಕಿವಿಯ ಮಾತೆತ್ತಿದಾಗಲೆಲ್ಲ ಅವನು ಆರು ಬ್ಲೇಡಿನ ಉತ್ತರ ಕೊಡುತ್ತಿದ್ದ.

ಎರಡು ವರ್ಷದ ಮೇಲೆ, "ಏನೂ ಆಗಿಲ್ಲ, ಹೊಡೀರಿ," ಎಂದು ಅಪ್ಪ ಕಳಿಸಿದ ಟೆಂಪೊ ಒಂದರ ಇಂಜಿನ್ ದಾರಿಯಲ್ಲೇ ಜಾಮ್ ಆಯಿತು. ಮುಗದ ಹಳ್ಳಿಯಿಂದ ಕಾಯಿಪಲ್ಲೆ ತರುತ್ತಿದ್ದ ಅದರ ಮಾಲೀಕ ಗ್ಯಾರೇಜಿಗೆ ಬಂದು ಎಲ್ಲರೆದುರು ಕೇಳಿದ: "ಮಿಸ್ತ್ರಿ, ಕಿವ್ಯಾಗ ಹತ್ತೀ ಅರಳಿ ಇಟಗೊಂಡು ಕೇಳಿದ್ರೇನ್ರಿ? ಟಕಾ ಟಕಾ ಅನ್ನೂದು ನನ್ನ ಎತ್ತಿಗೂ ಕೇಳತಿತ್ತು!"

ಅಪ್ಪ, "ಏನಂದ್ರಿ?" ಎಂದ.

ಆತ ಮತ್ತೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲವಂತೆ. ಇದನ್ನು ನಾನು ಕಂಡಿಲ್ಲ. ಪಕ್ಕದ ಟೈರಿನ ಅಂಗಡಿಯ ಕಾಕಾ ಹೇಳಿದ್ದು.

ಕಿವಿಯ ಡಾಕ್ಟರು ಪರೀಕ್ಷೆಯ ಕಾಗದದ ಮೇಲಿನ ಗೆರೆ ನೋಡುತ್ತ ನನಗೆ ಹೇಳಿದರು: "ಹೋದದ್ದು ಹೆಂಗೂ ತಿರುಗಿ ಬರ್ತಿದ್ದಿಲ್ಲ ನೋಡವಾ. ಆದ್ರ ಮೊದಲ ಬಂದಿದ್ರ, ಇಂಜಿನ್ ಸಪ್ಪಳದಿಂದ ದೂರ ಇರ್ರಿ ಅಂತಿದ್ದೆ. ಇದ್ದಷ್ಟಾದ್ರೂ ಉಳೀತಿತ್ತು." ಅಪ್ಪ ನನ್ನ ತುಟಿ ನೋಡಿ, "ಏನಂದ್ರು?" ಎಂದ. "ವಯಸ್ಸಂತ," ಎಂದೆ. ಇದು ಮಾತ್ರ ಸುಳ್ಳೇ. ಇದರಲ್ಲಿ ನನಗೆ ಅನುಮಾನವಿಲ್ಲ.

ಗ್ಯಾರೇಜು ಮುಚ್ಚಿತು. ಸ್ಕ್ರೂಡ್ರೈವರ್ ಮನೆಗೆ ಬಂದು ಕಿಟಕಿಯ ಮೇಲೆ ಕೂತಿದೆ. ಈಗ ರನ್‌ವೇ ಉದ್ದವಾಗಿ ಜೆಟ್‌ಗಳೇ ಇಳಿಯುತ್ತವೆ. ಅವು ಮನೆಯ ಗಾಜು ನಡುಗಿಸಿಕೊಂಡು ಹೋಗುವಾಗ ಅಪ್ಪ ಅಂಗಳದಲ್ಲಿ ಕೂತು ಮೇಲೆ ನೋಡುತ್ತಾನೆ. "ವಿಮಾನ ಭಾಳ ಸುಧಾರಿಸ್ಯಾವ ನೋಡವಾ. ಸಪ್ಪಳನ ಇಲ್ಲ," ಎಂದು ನನ್ನ ಕಡೆ ತಿರುಗಿ ನಗುತ್ತಾನೆ. ಚೇಷ್ಟೆ ಇರಬಹುದು. ಅಥವಾ ಎಲ್ಲ ಗೊತ್ತಿದ್ದು ನನ್ನನ್ನು ಮನ್ನಿಸುತ್ತಿರಬಹುದು. ಕೇಳಬೇಕೆಂದರೆ ಓಣಿಗೆಲ್ಲ ಕೇಳುವಂತೆ ಕೂಗಿ ಕೇಳಬೇಕು.

ಆ ಕಾಲದಲ್ಲಿ ವಿಮಾನಕ್ಕೆ ಸಾಮಾನು ಏರಿಸುತ್ತಿದ್ದವರೊಬ್ಬರು ನಮ್ಮ ಓಣಿಯಲ್ಲೇ ಇದ್ದಾರೆ. ಕಳೆದ ವಾರ ಅವರನ್ನು ವಿಚಾರಿಸಿದೆ. "ಆವಾಗ ಎರಡೂ ಬರ್ತಿದ್ದುವ್ರಿ ಅಕ್ಕಾರ," ಎಂದರು. "ಯಾವ ದಿನ ಯಾವುದು ಅಂತ ಯಾರ್ ನೆನಪಿಟ್ಟಾರ್ರಿ?"

ಆ ದಿನ ಯಾವ ವಾರ, ಯಾವ ತಿಂಗಳು ಎನ್ನುವುದೂ ನನಗೆ ನೆನಪಿರಲಿಲ್ಲ. ಮೇಲೆ ಹಾದುಹೋದದ್ದು ಯಾವುದು ಎನ್ನುವುದು ನನಗೆ ಗೊತ್ತಿಲ್ಲ.