ಬ್ಯಾಟರಿಯಮ್ಮನ ಬಾಲ್ಕನಿ

ಊರಿಗೆ ಇದ್ದ ಒಂದೇ ಟಾಕೀಸು ಮುಚ್ಚಿದ ಮೇಲೆ ಬ್ಯಾಟರಿಯಮ್ಮನಿಗೆ ಮಧ್ಯಾಹ್ನಗಳನ್ನು ಏನು ಮಾಡುವುದೆಂದೇ ತಿಳಿಯಲಿಲ್ಲ. ಹರೆಯದಿಂದಲೂ ಅವಳು ಕತ್ತಲಲ್ಲಿ ಬ್ಯಾಟರಿ ಹಿಡಿದು, ತಡವಾಗಿ ಬಂದವರ ಪಾದದ ಮುಂದೆ ಬೆಳಕಿನ ಬಿಲ್ಲೆ ಉರುಳಿಸುತ್ತ, ಅವರವರನ್ನು ಅವರವರ ಸೀಟಿಗೆ ಮುಟ್ಟಿಸಿದವಳು. ಹೆಸರೂ ಅದೇ ಆಗಿಹೋಗಿತ್ತು. ಈಗ ಗೋಡೆಯ ಮೇಲೆ ಬಿಸಿಲು ತೆವಳುವುದನ್ನು ನೋಡುತ್ತ ಕೂತರೆ, ಬಿಸಿಲೂ ಇಂಟರ್ವಲ್ಲಿಗೆ ಕಾಯುತ್ತಿರುವಂತೆ ಅನ್ನಿಸುತ್ತಿತ್ತು.

"ಎಷ್ಟೂಂತ ಗೋಡೆ ನೋಡ್ತೀಯಕ್ಕ, ಒಂದಿಷ್ಟು ಓಡಾಡ್ಕೊಂಡು ಬಾ," ಅಂದಳು ತಂಗಿ. ಅವಳು ಹೊಲಿಗೆ ಅಂಗಡಿಯೊಂದರಲ್ಲಿ ನಾಲ್ಕಾರು ಹೆಂಗಸರ ಜೊತೆ ಮಿಷನ್ ತುಳಿಯುತ್ತಿದ್ದಳು.

ಹಾಗೆ ಹೊರಟವಳು ಒಂದು ಗುರುವಾರ, ಬಿಸಿಲು ತಾಳದೆ ಪುರಸಭೆಯ ಕಟ್ಟಡದೊಳಗೆ ಹೊಕ್ಕಳು. ಮೆಟ್ಟಿಲು ಮುಗಿದಲ್ಲಿ ಒಂದು ಬಾಗಿಲು, ಮೇಲೆ 'ಸಾರ್ವಜನಿಕರಿಗೆ' ಎಂಬ ಮಾಸಲು ಬೋರ್ಡು. ತಳ್ಳಿದರೆ ಬಾಲ್ಕನಿ! ಇಳಿಜಾರಾಗಿ ಸಾಲುಗೂಡಿದ ಸೀಟುಗಳು, ತಣ್ಣನೆಯ ಮಬ್ಬು, ಕೆಳಗೆ ಬೆಳಕಿನ ಕೊಳದಲ್ಲಿ ಕೂತಂತೆ ಸದಸ್ಯರು. ಬಾಲ್ಕನಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಅವಳು ಮುಂದಿನ ಸಾಲಿನಲ್ಲಿ ಕೂತಳು. ಚರಂಡಿ, ಟೆಂಡರು, ಬೀದಿದೀಪ ಎಂಬ ಮಾತುಗಳು ನೀರಿನೊಳಗಿಂದ ಬಂದಂತೆ ತೇಲಿ ಬಂದವು. ಕಣ್ಣು ಎಳೆಯಿತು.

ಆಮೇಲೆ ಗುರುವಾರ ತಪ್ಪಿಸಲಿಲ್ಲ. ನಿದ್ದೆ ಬಂದಾಗ ನಿದ್ದೆ, ಇಲ್ಲದಾಗ ನೋಟ. ಒಮ್ಮೆ ದಪ್ಪ ಮೀಸೆಯ ಸದಸ್ಯರೊಬ್ಬರು, "ಹಾಗೇ ಪಾಸ್ ಮಾಡ್ಬಿಡೋಣ, ಯಾರು ಕೇಳ್ತಾರೆ?" ಎಂದು ಕೈ ಚಾಚಿದವರು, ಆಕಳಿಸಲು ತಲೆ ಎತ್ತಿದರು. ಮೇಲಿಂದ ಎರಡು ಕಣ್ಣುಗಳು ಅವರನ್ನೇ ನೋಡುತ್ತಿದ್ದವು. ಆಕಳಿಕೆ ಅರ್ಧಕ್ಕೇ ನಿಂತಿತು. "ಅಂದ್ರೆ... ವಿವರವಾಗಿ ಚರ್ಚೆ ಮಾಡಿ ಅಂತ ನಾನು ಹೇಳಿದ್ದು," ಎಂದರು.

ಅಧ್ಯಕ್ಷರು ಜವಾನನನ್ನು ಮೇಲಕ್ಕೆ ಕಳಿಸಿದರು.

"ಅಮ್ಮಾ, ನೀವು ಯಾರ ಕಡೆಯವರು ಅಂತ ಕೇಳ್ತಿದ್ದಾರೆ."

"ಬಾಲ್ಕನಿ ಕಡೆಯವಳು ಅಂತ ಹೇಳಪ್ಪ."

ಇನ್ನೊಂದು ಮಧ್ಯಾಹ್ನ, ಅರೆನಿದ್ದೆಯಲ್ಲಿ ಅವಳಿಗೆ ನದಿ ಕಾಣಿಸಿತು. ದಂಡೆಯುದ್ದಕ್ಕೂ ತಂತಿಬೇಲಿ; ನೀರು ಬೇಲಿಯ ಆಚೆಯಿಂದ ಅವಳ ಟಿಕೆಟ್ ಕೇಳುತ್ತಿತ್ತು. ಎಚ್ಚರವಾದಾಗ ಕೆಳಗೆ ಅದೇ ಮಾತು ನಡೆದಿತ್ತು: ಜನ ಅಡ್ಡಾಡುವ ನದಿದಂಡೆಯ ದಾರಿಯನ್ನು ಹೋಟೆಲೊಂದರ ತೋಟಕ್ಕೆ ಬಿಟ್ಟುಕೊಡುವುದು, ಮುಂದಿನ ಸಭೆಯಲ್ಲಿ ಅಂತಿಮ ತೀರ್ಮಾನ.

"ಕನಸೇನೋ ಅಂದ್ಕೊಂಡೆ ಕಣೆ, ಕನಸಲ್ಲ," ಎಂದು ತಂಗಿಗೆ ಹೇಳಿದಳು. ತಂಗಿ ಬಾಯಲ್ಲಿದ್ದ ದಾರ ಕಡಿಯುವುದನ್ನೇ ಮರೆತಳು.

ಮುಂದಿನ ಗುರುವಾರ ಬಾಲ್ಕನಿಗೆ ಬೀಗ.

"ಮೇಲಿನವರ ಆರ್ಡರ್ ಅಮ್ಮಾ," ಎಂದ ಜವಾನ, ಮುಖ ತಪ್ಪಿಸುತ್ತ.

"ಬಾಲ್ಕನಿಗಿಂತ ಮೇಲೆ ಯಾರಪ್ಪ ಇದ್ದಾರೆ?"

ಜವಾನ ಅಪ್ರಯತ್ನವಾಗಿ ಛಾವಣಿ ನೋಡಿದ. ಅಲ್ಲಿ ಪಾರಿವಾಳವೊಂದಿತ್ತು.

ಬ್ಯಾಟರಿಯಮ್ಮ ಮೆಟ್ಟಿಲ ಮೇಲೇ ಕೂತಳು. ಇಷ್ಟು ವರ್ಷ ಬಾಗಿಲು ತೆರೆದವಳೇ ಹೊರತು ಮುಚ್ಚಿದ ಬಾಗಿಲ ಮುಂದೆ ಕೂತು ಗೊತ್ತಿರಲಿಲ್ಲ. ಏನೇನೋ ಕೆಲಸಕ್ಕೆ ಕಚೇರಿಗೆ ಬಂದವರು "ಏನಾಯ್ತಮ್ಮಾ?" ಎಂದರು, ಕೇಳಿ ಪಕ್ಕದಲ್ಲಿ ಕೂತರು. ಸುದ್ದಿ ಮುಟ್ಟಿ ತಂಗಿಯೂ ಹೊಲಿಗೆಯ ಹೆಂಗಸರೂ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದರು. ಮೆಟ್ಟಿಲು ತುಂಬಿತು. ಯಾರೂ ಕೂಗಲಿಲ್ಲ. ಆ ಮೌನ ಗೋಡೆಯ ಮೂಲಕ ಜಿನುಗಿತೋ ಏನೋ, ಒಳಗೆ ಸಭೆಯ ಮಾತುಗಳೂ ಒಂದೊಂದಾಗಿ ಆರಿದವು.

ಅಧ್ಯಕ್ಷರೇ ಹೊರಬಂದು, ಕೂತವರ ನಡುವೆ ದಾರಿ ಮಾಡಿಕೊಂಡು ಬೀಗ ಹಾಕಿದ ಬಾಗಿಲವರೆಗೂ ಮೇಲೇರಿ ಬಂದರು. "ಇದೇನು, ಧರಣಿನಾ?"

"ಇಲ್ಲ ಸ್ವಾಮಿ, ನೋಡೋಕೆ ಬಂದಿದ್ದೀವಿ," ಎಂದಳು ಬ್ಯಾಟರಿಯಮ್ಮ.

"ನೋಡೋಕೇನಿದೆ? ನೀವೇ ಆರಿಸಿ ಕಳಿಸಿದ್ದೀರಲ್ಲ, ನಮ್ಮ ಮೇಲೆ ನಂಬಿಕೆ ಇಲ್ವಾ?"

"ಹೆಣ್ಣು ಕೊಟ್ಟ ಮನೆಗೂ ಆಗಾಗ ಹೋಗಿ ನೋಡ್ಕೊಂಡು ಬರ್ತೀವಲ್ಲ ಸ್ವಾಮಿ. ಅದು ನಂಬಿಕೆ ಇಲ್ದೇನಾ?"

ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಮೆಟ್ಟಿಲ ತಳದವರೆಗೂ ಇದ್ದ ಮುಖಗಳನ್ನು ನೋಡಿದರು. ಕೆಳಗಿಳಿಯಬೇಕೆಂದರೂ ಮತ್ತೆ ಅವರೆಲ್ಲರ ನಡುವೆಯೇ ದಾರಿ ಕೇಳಿ ಇಳಿಯಬೇಕಿತ್ತು. ಕೊನೆಗೆ ಜವಾನನತ್ತ ತಿರುಗಿ, "ತೆಗಿಯಪ್ಪ," ಎಂದರು.

ಆ ದಿನ ಬಾಲ್ಕನಿಯ ಸೀಟುಗಳು ಬಹುಕಾಲದ ಮೇಲೆ ಕಿರುಗುಟ್ಟಿದವು. ದಂಡೆಯ ವಿಷಯ ಬಂದಾಗ ಯಾವ ಸದಸ್ಯರೂ ಮೊದಲು ಕೈ ಎತ್ತಲಿಲ್ಲ. ತೀರ್ಮಾನ ಮುಂದಕ್ಕೆ ಹೋಯಿತು, ಹೋಗಿ ಹೋಗಿ ಬಿದ್ದೇಹೋಯಿತು. ಹೋಟೆಲಿನವರು ಅವಸರದಲ್ಲಿ ನೆಟ್ಟಿದ್ದ ಕಲ್ಲುಕಂಬಗಳು ಮಾತ್ರ ದಂಡೆಯ ಒಂದು ತುದಿಯಲ್ಲಿ ಉಳಿದವು. ಈಗ ಅಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆ.

ವರ್ಷ ಕಳೆಯುವುದರಲ್ಲಿ ಬ್ಯಾಟರಿಯಮ್ಮನ ಮೊಣಕಾಲು ಮೆಟ್ಟಿಲಿಗೆ ಒಲ್ಲೆನೆಂದಿತು. ಈಗ ಗುರುವಾರ ತಂಗಿ ಹೋಗುತ್ತಾಳೆ, ಇನ್ನೂ ಯಾರು ಯಾರೋ ಹೋಗುತ್ತಾರೆ. ಸಂಜೆ ತಂಗಿ ಬಂದು ಕತೆ ಹೇಳುವಾಗ ಬ್ಯಾಟರಿಯಮ್ಮ ಕಣ್ಣು ಮುಚ್ಚಿ ಕೇಳುತ್ತಾಳೆ. ನಿದ್ದೆ ಹೋದಳೆಂದು ತಂಗಿ ನಿಲ್ಲಿಸಿದರೆ, "ಮೀಸೆಯವರು ಏನಂದ್ರು? ಅದನ್ನ ನುಂಗಬೇಡ," ಎನ್ನುತ್ತಾಳೆ.