ಮೇವು ನೋಡಿ ಆರಿಸಿದ ಕಾಲೇಜು

ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಕುರಿಗಳ ಹಿಂದೆ ನಡೆದವನು ನಾನು. ಮಮದಾಪುರದ ನಮ್ಮ ಹೊಲ, ಬಾವಿ, ಮನೆ ಎಲ್ಲ ಆ ನಡಿಗೆಯಿಂದಲೇ ಆದವು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹಾಗಾಗಿ ಮಗಳು ಗೋಕಾಕದಲ್ಲಿ ಬಿಎಸ್ಸಿ ಮುಗಿಸಿ, ಪರಿಸರ ನಿರ್ವಹಣೆಯಲ್ಲಿ ಎರಡು ವರ್ಷದ ಡಿಗ್ರಿ ಮಾಡುತ್ತೇನೆ ಎಂದಾಗ, ಕಾಲೇಜು ಆರಿಸುವ ಕೆಲಸವನ್ನೂ ನಾನೇ ಹೆಗಲಿಗೆ ಹಾಕಿಕೊಂಡೆ.

ಬೆಳಗಾವಿಯ ಎರಡು ಕಾಲೇಜುಗಳಲ್ಲಿ ಅವಳಿಗೆ ಸೀಟು ಸಿಗುವಂತಿತ್ತು. ಒಬ್ಬನೇ ಹೋಗಿ ನೋಡಿ ಬಂದೆ. ಒಂದಕ್ಕೆ ಗಾಜಿನ ಬಾಗಿಲು, ಲಿಫ್ಟು, ಅಂಗಳದಲ್ಲಿ ಕಾರಂಜಿ. ಇನ್ನೊಂದರ ಗೋಡೆ ಸುಣ್ಣ ಕಂಡು ಎಷ್ಟು ವರ್ಷವಾಗಿತ್ತೋ. ಮರುದಿನ ಮೂಡಲಗಿಯ ಸಂತೆಯಲ್ಲಿ ಕಂಡವರಿಗೆಲ್ಲ ಕಾರಂಜಿಯ ಕಾಲೇಜಿನ ಹೆಸರು ಹೇಳಿದೆ.

ಸಂಜೆ ಮಗಳು ರೊಟ್ಟಿ ಬಡಿಯುತ್ತ ಕೇಳಿದಳು, “ಲ್ಯಾಬ್ ಹೆಂಗೈತಿ ಅಪ್ಪಾ?”

“ಲ್ಯಾಬ್ ಯಾರ ನೋಡ್ಯಾರ? ಬಿಲ್ಡಿಂಗ್ ನೋಡಿದ್ರ ತಿಳಿತೈತಿ.”

“ಹೌದೇನು? ಕುರಿ ಹೊಡಕೊಂಡ ಹೊಸಾ ಊರಿಗೆ ಹೋಗೂಮುಂದ ಊರಿನ ಅಗಸಿ ಬಾಗಲಾ ನೋಡ್ತಿಯೋ, ಮೇವು ನೀರು ನೋಡ್ತಿಯೋ?”

ಸಿಟ್ಟು ಬಂತು. ಊಟ ಬಿಟ್ಟು ಎದ್ದೆ. ಆದರೆ ಮಾತು ಖರೆ ಇತ್ತು. ಕುರಿ ಹೊಡೆದುಕೊಂಡು ಹೊರಡುವ ಮೊದಲು ನಮ್ಮಲ್ಲಿ ಒಬ್ಬ ಮುಂದೆ ಹೋಗಿ ಅಡವಿ ನೋಡಿ ಬರುತ್ತಾನೆ. ಆ ಕಡೆಯಿಂದ ತಿರುಗಿ ಬರುತ್ತಿರುವ ಕುರಿಗಾರರನ್ನು ನಿಲ್ಲಿಸಿ ವಿಚಾರಿಸುತ್ತಾನೆ. ಮೂವತ್ತು ವರ್ಷ ಆ ಕೆಲಸ ಮಾಡಿದವನು ಮಗಳ ಎರಡು ವರ್ಷದ ವಿಷಯಕ್ಕೆ ಅದನ್ನೇ ಮರೆತಿದ್ದೆ.

ಪ್ರವೇಶಕ್ಕೆ ಎರಡೇ ದಿನ ಉಳಿದಿತ್ತು. ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟೆವು. ಕಾರಂಜಿಯ ಕಾಲೇಜಿನಲ್ಲಿ ಈ ಸಲ ಆಫೀಸಿಗೆ ಹೋಗಲಿಲ್ಲ. ಗೇಟಿನ ಹೊರಗೆ ನಿಂತು, ಓದು ಮುಗಿಸಿ ಸರ್ಟಿಫಿಕೇಟು ಹಿಡಿದು ಹೊರಟಿದ್ದ ಹುಡುಗಿಯೊಬ್ಬಳನ್ನು ಕೇಳಿದೆ, “ಯವ್ವಾ, ಇಲ್ಲಿ ಕಲಿಸೂದು ಹೆಂಗೈತಿ?”

ಅವಳು ಹಿಂದೆ ಮುಂದೆ ನೋಡಿದಳು. “ಖರೇನ ಹೇಳ್ಲೇನ್ರಿ ಕಾಕಾ? ಲ್ಯಾಬಿನ ಮಷಿನ್ ಎಲ್ಲಾ ಹೊಸಾವು. ಡಬ್ಬಿ ಇನ್ನೂ ಬಿಚ್ಚಿಲ್ರಿ.”

ಆ ಮಗುವಿನ ಹೆಸರೂ ಕೇಳಲಿಲ್ಲ. ಅವಳ ಹೊಟ್ಟೆ ತಣ್ಣಗಿರಲಿ.

ಇನ್ನೊಂದು ಕಾಲೇಜಿನಲ್ಲಿ ಹುಡುಗರು ಹಳ್ಳದ ನೀರನ್ನು ಬಾಟಲಿಗಳಲ್ಲಿ ತುಂಬಿಕೊಂಡು ಆಗಷ್ಟೇ ಬಂದಿದ್ದರು. ಬೂಟಿಗೆಲ್ಲ ರಾಡಿ. ಅವರ ಸರ್ ನನ್ನ ಹೆಗಲ ಕಂಬಳಿ ನೋಡಿ, “ಎಂಥಾ ನೀರು ಕುರಿ ಕುಡಿಯಾಂಗಿಲ್ರಿ?” ಎಂದರು. ಮೂಸಿ ತಿರುಗುವ ಕುರಿ, ದಂಡೆಯ ನೊರೆ, ಕಲ್ಲಿನ ಮೇಲೆ ಕೂರುವ ಬಣ್ಣ, ನನಗೆ ತಿಳಿದದ್ದೆಲ್ಲ ಹೇಳಿದೆ. ಇಬ್ಬರು ಹುಡುಗರು ಬರೆದುಕೊಂಡರು. ಶಾಲೆಯೊಳಗೆ ನನ್ನ ಮಾತು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು. ಮಗಳು ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

“ಇಲ್ಲೇ ಹಚ್ಚೂಣೇನು?” ಎಂದೆ. ಅವಳನ್ನು ಕೇಳಬೇಕೆಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

“ಹೂಂ ಅಪ್ಪಾ.”

ಫಾರ್ಮಿಗೆ ಸಹಿ ಹಾಕಿ ಹೊರಗೆ ಬರುವಾಗ ಹುಕ್ಕೇರಿ ತಾಲೂಕಿನ ಘೋಡಗೇರಿಯಿಂದ ಅಕ್ಕನ ಫೋನು. “ಅಕ್ಕಾ, ಕಾಲೇಜ ಬದಲಾತು. ನಾ ಆರಿಸಿದ್ದು ಬರೋಬರಿ ಇರಲಿಲ್ಲ” ಎಂದೆ.

“ಏನಂದಿ? ತಡಿ, ಸ್ಪೀಕರ್ ಹಚ್ಚತೇನಿ. ನೀ ತಪ್ಪ ಒಪ್ಪಿದ್ದು ಇವರೂ ಒಮ್ಮೆ ಕೇಳಲಿ.”

ಪಕ್ಕದಲ್ಲಿ ಮಗಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ನಾನು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ.